ಯಾಕೆ ಎಂದು ಕೇಳದ ಚಿಕ್ಕಬೈರಪ್ಪ

ಇಪ್ಪತ್ತೆಂಟು ವರ್ಷ ಖಾಕಿ ತೊಟ್ಟ ಹೆಡ್ ಕಾನ್‌ಸ್ಟೇಬಲ್ ಚಿಕ್ಕಬೈರಪ್ಪನವರು ಯಾರನ್ನೂ 'ಯಾಕೆ' ಎಂದು ಕೇಳುವುದಿಲ್ಲ. ಪೊಲೀಸನ ಬಾಯಲ್ಲಿ ಆ ಪದ ಬಂದ ಕೂಡಲೇ ಎದುರಿಗಿರುವವರು ಆರೋಪಿಯಾಗಿಬಿಡುತ್ತಾರೆ ಎಂಬುದು ಅವರ ದೃಢವಾದ ನಂಬಿಕೆ. ಮೂರು ದಿನದ ಮನಶ್ಶಾಸ್ತ್ರದ ತರಬೇತಿಗೆ ಹೋಗಿಬಂದ ಮೇಲೆ ಹಿಡಿದ ಚಾಳಿ ಇದು. ಎಡಗಾಲನ್ನು ತುಸು ಎಳೆದು ನಡೆಯುವ ಈ ಸ್ಥೂಲಕಾಯರು ಎಲ್ಲಿಗೆ ಹೋದರೂ ಮೊದಲು ಟೋಪಿ ತೆಗೆದು ನೆಲದ ಮೇಲೆ ಕೂರುತ್ತಾರೆ, ಎದುರಿನವರ ಕೊನೆಯ ಮಾತನ್ನೇ ಮೆಲ್ಲಗೆ ಮರಳಿ ನುಡಿದು ಸುಮ್ಮನಾಗುತ್ತಾರೆ. ಠಾಣೆಯಲ್ಲಿ ಅವರಿಗೆ 'ಡಾಕ್ಟ್ರು' ಎಂದೇ ಹೆಸರು. ನಗುವವರು ನಗಲಿ ಬಿಡಿ, ಪಟ್ಟಂದೂರು ಅಗ್ರಹಾರದ ಆ ಮಧ್ಯಾಹ್ನ ಯಾರೂ ನಗಲಿಲ್ಲ.

ಅರವತ್ತೆಂಟರ ಅಶ್ವತ್ಥಮ್ಮ ಅಡುಗೆಮನೆಯ ಚಿಲಕ ಹಾಕಿಕೊಂಡು ಗ್ಯಾಸ್ ತಿರುಗಿಸಿಬಿಟ್ಟಿದ್ದರು. ಮಗ ಲೋಕೇಶ್ ಉಳಿದಿದ್ದ ಹತ್ತು ಗುಂಟೆಯನ್ನೂ ಬಿಲ್ಡರಿಗೆ ಮಾರಿದ್ದ. ಆ ನೆಲದಲ್ಲೇ ಆಕೆಯ ಗಂಡನ ಸಮಾಧಿ, ಮರುದಿನವೇ ಅಲ್ಲಿಗೆ ಜೆಸಿಬಿ. ಮೇಲಿನ ಮೂರು ಅಂತಸ್ತಿನ ಬಾಡಿಗೆದಾರರನ್ನೆಲ್ಲ ಬೀದಿಗಿಳಿಸಿ, ಬೀದಿಯ ಕರೆಂಟನ್ನೇ ತೆಗೆಸಿ, ಚಿಕ್ಕಬೈರಪ್ಪನವರು ಆ ಬಾಗಿಲ ಮುಂದೆ ಕುಳಿತರು. ಅಗ್ನಿಶಾಮಕದವರ ಗಾಡಿ ಇನ್ನೂ ಹೂಡಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು.

ಅಷ್ಟು ಕಲಿತವರೂ ಎಡವಿದರು, ನೋಡಿ. ಹೆತ್ತ ಕರುಳು ಕರಗೀತೆಂದು, "ಅಮ್ಮಾ, ಲೋಕೇಶ ಬಂದವ್ನೆ, ಇಲ್ಲೇ ಅವ್ನೆ" ಎಂದುಬಿಟ್ಟರು. ಒಳಗೆ ಬೆಂಕಿಪೊಟ್ಟಣ ಅಲ್ಲಾಡಿದ ಸದ್ದಾಯಿತು.

ಚಿಕ್ಕಬೈರಪ್ಪನವರಿಗೆ ಎದ್ದು ಓಡಿಬಿಡೋಣ ಎನ್ನಿಸಿದ್ದೂ ನಿಜ. ಕೈಸನ್ನೆಯಲ್ಲೇ ಲೋಕೇಶನನ್ನು ಬೀದಿಗಟ್ಟಿ, "ತಪ್ಪಾಯ್ತು ಕಣಮ್ಮ. ಅವ್ನ ಎಸ್ರು ಎತ್ತಬಾರದಾಗಿತ್ತು. ಕಳಿಸ್ಬಿಟ್ಟೆ" ಎಂದರು.

ಒಳಗಿನಿಂದ ದನಿ ಬಂತು: "ನನ್ನ ಒಂದು ಮಾತೂ ಕೇಳ್ನಿಲ್ಲ."

"ಒಂದು ಮಾತೂ ಕೇಳ್ನಿಲ್ಲ."

"ಅವ್ರನ್ನ ಅಗೆದಾಕ್ತಾರೆ. ಜೆಸಿಬಿ ನಿಲ್ಲಿಸ್ತೀಯೇನಪ್ಪಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹಿಂದೆ ನಿಂತಿದ್ದ ಇನ್ಸ್‌ಪೆಕ್ಟರು ಹೂಂ ಅನ್ನಿ, ಹೂಂ ಅನ್ನಿ ಎಂದು ತಲೆಯಾಡಿಸುತ್ತಿದ್ದರು. ಚಿಕ್ಕಬೈರಪ್ಪನವರು ಕಣ್ಣು ಮುಚ್ಚಿಕೊಂಡರು.

"ಅದು ನನ್ ಕೈಲಿಲ್ಲ ಕಣಮ್ಮ. ನಿಮ್ಮತ್ರ ಸುಳ್ಳಾಡಾಕಿಲ್ಲ. ಬೆಳಿಗ್ಗೆ ನಿಮ್ ಜೊತೆ ನಾನೂ ಬತ್ತೀನಿ. ಪೂಜೆ ಮಾಡಿ, ಮಣ್ಣು ತಗೊಂಡು ಬರೋಣ. ಅಲ್ಲೀಗಂಟ ಒಬ್ರೂ ಮುಟ್ಟದಂಗೆ ನಿಂತಿರ್ತೀನಿ."

ಗ್ಯಾಸಿನ ಗುಂಡಿ ತಿರುಗಿತು. ಚಿಲಕ ಸರಿಯಿತು. ಆ ಮುದುಕಿ ಹೆಗಲಿಗೊರಗಿ ಅತ್ತಾಗ ಅವರೂ ಅತ್ತರು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ.

ಠಾಣೆಯ ದಿನಚರಿಯಲ್ಲಿ ಆ ಮಧ್ಯಾಹ್ನಕ್ಕೆ ದಕ್ಕಿದ್ದು ಒಂದೇ ಸಾಲು: 'ಯಾವುದೇ ಅನಾಹುತ ಸಂಭವಿಸಿರುವುದಿಲ್ಲ.' ಕಳ್ಳನನ್ನು ಹಿಡಿದವರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಆಗಬಾರದ್ದು ಆಗದಂತೆ ತಡೆದವರಿಗೆ ತೋರಿಸಿಕೊಳ್ಳಲು ಏನೂ ಉಳಿಯುವುದಿಲ್ಲ. ಇಂಥವರು ಮಾಡಿದ ಕೆಲಸವನ್ನು ನೋಡಬೇಕೆಂದರೆ, ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುತ್ತಿರುವ ಒಬ್ಬ ಮುದುಕಿಯನ್ನು ನೋಡಬೇಕು, ಅಷ್ಟೆ.