ಹತ್ತನೆಯವನು

ನಮ್ಮ ಯಹೂದಿಗಳಲ್ಲಿ ಸತ್ತವನ ಕ್ಷಮೆ ಕೇಳಬೇಕಾದರೆ ಗೋರಿಯ ಮುಂದೆ ಹತ್ತು ಗಂಡಸರು ನಿಲ್ಲಬೇಕು. ಅಪ್ಪ ನನ್ನನ್ನೂ ಸೇರಿಸಿ ಒಂಬತ್ತು ಜನರನ್ನು ಹೊಂದಿಸಿದ್ದ. ಪಾಪಕ್ಷಮೆಯ ದಿನವಾದ ಯೋಮ್ ಕಿಪ್ಪೂರ್‌ನ ಉಪವಾಸ ಆ ಸಂಜೆಯೇ ಶುರು. ನಮ್ಮೂರು ರೋಶ್ ಹಾಅಯಿನ್‌ನಲ್ಲಿ ಅಂಥ ಮಧ್ಯಾಹ್ನ ಯಾರೂ ಮನೆ ಬಿಟ್ಟು ಬರುವುದಿಲ್ಲ.

“ಬೇಗ ಮುಗ್ಸು ಸಅದ್ಯಾ,” ಎಂದ ಸೋದರಮಾವ ಜೆಖರ್ಯಾ, ಅಪ್ಪನಿಗೆ. “ಉಪವಾಸಕ್ಕೆ ಮುಂಚಿನ ಊಟ ತಪ್ಪಿದ್ರೆ ನನ್ನ ಗೋರಿ ಹತ್ರಾನೂ ಹತ್ತು ಜನ ಬೇಕಾಗತ್ತೆ.”

ಗೋರಿ ಯಹ್ಯಾನದು. ಅಪ್ಪ ಕಟ್ಟಡದ ಮೇಸ್ತ್ರಿ, ಯಹ್ಯಾ ಅವನ ಕೈಕೆಳಗಿನ ಗಾರೆಯವನು. ಏಳು ತಿಂಗಳ ಹಿಂದೆ ನಾಲ್ಕನೇ ಮಹಡಿಯಿಂದ ಬಿದ್ದ. ಸೊಂಟಕ್ಕೆ ಕಟ್ಟುವ ಹಗ್ಗ ನಮ್ಮ ವ್ಯಾನಿನಲ್ಲೇ ಇತ್ತು. “ಹತ್ತು ನಿಮಿಷದ ಕೆಲ್ಸ, ಹಗ್ಗ ಯಾಕೆ, ಏರು,” ಎಂದಿದ್ದ ಅಪ್ಪ. ವಿಚಾರಣೆಗೆ ಬಂದವರ ಮುಂದೆ, ಕೊಟ್ಟ ಹಗ್ಗವನ್ನು ಯಹ್ಯಾನೇ ಬಿಚ್ಚಿ ಎಸೆದ ಎಂದ. ನಾನೂ ಅದನ್ನೇ ಹೇಳಿ ರುಜು ಹಾಕಿದೆ.

ಹತ್ತನೆಯವನಾಗಿ ಅಲ್ಲಿ ಸಿಕ್ಕಿದ್ದು ಯಹ್ಯಾನ ಮಗ ಅವ್ಶಾಲೋಮ್. ತಂದೆಯ ಗೋರಿಗೆ ದೀಪ ಹಚ್ಚಲು ಬಂದಿದ್ದ. ನಿಲ್ಲುತ್ತೀಯಾ ಎಂದು ಅಪ್ಪ ಕೇಳಿದ, ಅವನು ನಿಂತ.

“ದೇವರಿಗೂ ಯಹ್ಯಾನಿಗೂ ತಪ್ಪು ಮಾಡಿದೀನಿ,” ಎಂದ ಅಪ್ಪ.

“ಏನ್ ತಪ್ಪು, ಚಿಕ್ಕಪ್ಪ?” ಅವ್ಶಾಲೋಮ್ ಕೇಳಿದ.

“ಅವನಿಗೆ ಗೊತ್ತು ಕಣೋ.”

“ಅಪ್ಪಂಗೆ ಗೊತ್ತು ಬಿಡಿ. ನನಗೆ ಹೇಳಿ. ಹಗ್ಗ ಅವರೇ ಬಿಚ್ಚಿದ್ರಾ?”

“ಇವತ್ತು ಜಗಳ ಬೇಡಪ್ಪ,” ಎಂದ ಜೆಖರ್ಯಾ.

“ಜಗಳ ಎಲ್ಲಿ ಮಾವ? ಇವರು ಒಂದು ಮಾತು ಹೇಳ್ಲಿ. ಎಲ್ಲರಿಗಿಂತ ಮೊದ್ಲು ನಾನೇ ಕ್ಷಮಿಸ್ತೀನಿ.”

ಹೇಳಿದರೆ ಅಪ್ಪನಿಗೂ ನನಗೂ ಜೈಲು. ಅಪ್ಪ ನನ್ನತ್ತ ನೋಡಿದ. ನಾನು ಗೋರಿಯ ಮೇಲೆ ನೆನಪಿಗೆಂದು ಯಾರೋ ಇಟ್ಟು ಹೋಗಿದ್ದ ಕಲ್ಲುಗಳನ್ನು ನೋಡಿದೆ. ಅಪ್ಪ ತೆರೆದ ಬಾಯಿ ಮುಚ್ಚಿಕೊಂಡ.

“ನಿನಗೆ ಕ್ಷಮೆ ಸಿಕ್ಕಿತು,” ಎಂದು ಪದ್ಧತಿಯಂತೆ ಸತ್ತವನ ಪರವಾಗಿ ನಾವು ಮೂರು ಸಲ ಹೇಳಿದೆವು. ಅವ್ಶಾಲೋಮ್‌ನ ತುಟಿ ಅಲುಗಲಿಲ್ಲ. ಸ್ಮಶಾನದ ಬಾಗಿಲ ಬಳಿಯ ನಲ್ಲಿಯಲ್ಲಿ ಕೈ ತೊಳೆದು ಹೊರಟುಹೋದ.

“ಆಯ್ತಲ್ಲ, ಇನ್ನೇನು,” ಎಂದ ಜೆಖರ್ಯಾ ವ್ಯಾನಿನಲ್ಲಿ.

“ಒಂಬತ್ತು,” ಎಂದ ಅಪ್ಪ.

ಅಮ್ಮ ಬಡಿಸಿದ ಸಾರನ್ನು ಅವನು ಮುಟ್ಟಲಿಲ್ಲ. “ಇವತ್ತು ತಿನ್ನೋದೂ ಧರ್ಮಾನೇ ಕಣ್ರೀ,” ಎಂದು ಅವಳು ಗೋಗರೆದಳು. ಚರ್ಮದ ಚಪ್ಪಲಿ ನಿಷಿದ್ಧವಾದ ದಿನವೆಂದು ಅವನು ಬಟ್ಟೆಯ ಬೂಟು ಹಾಕಿಕೊಂಡು ಪ್ರಾರ್ಥನಾ ಮಂದಿರಕ್ಕೆ ನಡೆದ.

ಪಾಪಗಳ ಪಟ್ಟಿ ಓದುವಾಗ ಎಲ್ಲರೂ ಎದೆಗೆ ಗುದ್ದಿಕೊಳ್ಳುತ್ತಾರೆ. ಸುಳ್ಳು ಹೇಳಿದ ಪಾಪ ಬಂದಾಗ ಅಪ್ಪನ ದನಿ ಇಡೀ ಸಭೆಯನ್ನು ಮೀರಿಸಿತು. ಹಿಂದಿನ ಸಾಲಿನಲ್ಲಿದ್ದ ಅವ್ಶಾಲೋಮ್ ಎದ್ದು ಹೊರಗೆ ಹೋದ.

ನಾನೂ ಗುದ್ದಿಕೊಂಡೆ, ನೋವಾಗದ ಹಾಗೆ.