ಸತ್ತಾರಣ್ಣನ ಜೀಪನ್ನು ಯಾರೂ ತಳ್ಳದ ದಿನ

ಆನೇಮಹಲಿನ ಅಬ್ದುಲ್ ಸತ್ತಾರರ ಜೀಪು ಬೆಳಿಗ್ಗೆ ತಾನಾಗಿ ಸ್ಟಾರ್ಟ್ ಆದದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ದಿನಾ ಅಕ್ಕಪಕ್ಕದವರು ಬಂದು ತಳ್ಳಬೇಕು. ಆಮೇಲೆ ಅದು ಕೆಮ್ಮಿ ಕ್ಯಾಕರಿಸಿ, ಕಾಫಿ ಮೂಟೆ ಹೊತ್ತು ಗುಡ್ಡ ಹತ್ತುತ್ತಿತ್ತು. ಸತ್ತಾರರಿಗೆ ಅದರ ಮೇಲೆ ಎಲ್ಲಿಲ್ಲದ ಹೆಮ್ಮೆ.

ಆ ಸೋಮವಾರ ಜೀಪು ಹಾಸನಕ್ಕೆ ಹೊರಡಬೇಕಿತ್ತು. ಅಲ್ಲಿ ಎಂಜಿನಿಯರಿಂಗ್ ಸೇರಿದ್ದ ಮಗಳು ರುಬೀನಾ ಮೊದಲ ಪರೀಕ್ಷೆಯಲ್ಲೇ ಗಣಿತದಲ್ಲಿ ಫೇಲಾಗಿ, ಅಳುತ್ತಾ ಮನೆಗೆ ಬಂದಿದ್ದಳು. ಹಾಸ್ಟೆಲ್ಲಿನಲ್ಲಿದ್ದ ಅವಳ ಟ್ರಂಕು ತಂದರೆ ಓದು ಮುಗಿದಂತೆ.

ಪಕ್ಕದ ಮನೆಯ ಪಂಕಜಾಕ್ಷಿ ಟೀಚರ್ ಓಡಿ ಬಂದರು. "ಯಾಕೆ ಫೇಲಾಯ್ತು ಅಂತ ಮಗೂನ ಕೇಳಿದ್ರಾ, ಸತ್ತಾರಣ್ಣ?"

"ಫೇಲ್ ಅಂದ್ಮೇಲೆ ಕೇಳಕ್ಕೇನೈತೆ ಟೀಚರ್? ನಮ್ ಬೀದೀಲಿ ಎಂಜಿನಿಯರಿಂಗ್ ಯಾರಾದ್ರೂ ಓದವ್ರಾ? ಅದು ನಮ್ಮಂಥೋರಿಗಲ್ಲ."

"ಸರಿ ಬಿಡಿ," ಎಂದು ಟೀಚರ್ ಎದುರಿನ ಟೀ ಅಂಗಡಿಯತ್ತ ಹೊರಟೇಬಿಟ್ಟರು. ಟೀಚರ್ ಬಾಯನ್ನೇ ಮುಚ್ಚಿಸಿದೆ ಎಂದು ಸತ್ತಾರರು ಬೀಗುತ್ತಾ ಜೀಪು ಹತ್ತಿ ಕೀಲಿ ತಿರುಗಿಸಿದರು. ಜೀಪು ಗೊರ್ ಎಂದು ಸುಮ್ಮನಾಯಿತು.

"ಬನ್ರಪ್ಪಾ, ತಳ್ರಿ!"

ಯಾರೂ ಅಲ್ಲಾಡಲಿಲ್ಲ. ಟೀ ಅಂಗಡಿಯ ಲಕ್ಕಪ್ಪ ಲೋಟ ತೊಳೆಯುತ್ತಲೇ ಇದ್ದ. ಹೆಂಡತಿ ಜೈನಾಬಿಯೂ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು.

"ಏನ್ ಲಕ್ಕಪ್ಪಾ, ಕಿವಿ ಕೇಳ್ಸಲ್ವಾ?"

"ಒಂದೇ ಸಲಕ್ಕೆ ಸ್ಟಾರ್ಟ್ ಆಗ್ದಿರೋದು ಗುಡ್ಡ ಹತ್ತೋಕೆ ಲಾಯಕ್ಕಿಲ್ವಂತೆ. ಗುಜರಿಗೆ ಹಾಕ್ಬುಡಿ ಅಂದ್ರು ಟೀಚರ್ರು."

ಸತ್ತಾರರಿಗೆ ಉರಿದುಹೋಯಿತು. "ನನ್ ಜೀಪ್ ತಾಕತ್ತು ನಿಂಗೇನ್ ಗೊತ್ತೋ? ನಾಕ್ ಜನ ಒಂದ್ ಸಲ ತಳ್ಳಿದ್ರೆ ಸಾಕು, ಬೆಂಗ್ಳೂರ್ ತಂಕ ನಿಲ್ಲಲ್ಲ ಕಣೋ!"

ಹೇಳಿದ್ದೇ ತಡ, ಮಗಳ ಬಗ್ಗೆ ತಾವೇ ಆಡಿದ ಮಾತು ಅವರಿಗೆ ನೆನಪಾಯಿತು. ಕಿಟಕಿಯಲ್ಲಿ ರುಬೀನಾ ಊದಿಕೊಂಡ ಕಣ್ಣಲ್ಲೇ ಕಿಸಕ್ಕನೆ ನಕ್ಕಳು. ಸತ್ತಾರರಿಗೆ ನಿಜಕ್ಕೂ ನಾಚಿಕೆಯಾಯಿತು. ಕೆಳಗಿಳಿದು ಕಿಟಕಿಯ ಹತ್ತಿರ ಹೋದರು.

"ಏನಾಯ್ತು ಮಗಾ?"

"ಪಾಠವೆಲ್ಲ ಇಂಗ್ಲಿಷಲ್ಲಿ, ಅಬ್ಬಾಜಾನ್. ನಾನ್ ಕನ್ನಡದಲ್ಲಿ ಓದಿದೋಳು. ಕ್ಲಾಸಲ್ಲಿ ನಮ್ ಕಡೆಯೋರು ಒಬ್ರೂ ಇಲ್ಲ. ಕೇಳಿದ್ರೆ ನಗ್ತಾರೆ ಅಂತ ಹಿಂದಿನ ಬೆಂಚಲ್ಲಿ ಸುಮ್ನೆ ಕೂತ್ಬುಟ್ಟೆ."

ಟೀಚರ್ ಹತ್ತಿರ ಬಂದರು. "ಗಣಿತ ಮತ್ತೆ ಬರೀಬೌದು ಕಣಮ್ಮ. ನನ್ ಶಿಷ್ಯೆ ಶ್ವೇತಾ ಅದೇ ಕಾಲೇಜಲ್ಲಿ ಮೂರನೇ ವರ್ಷ. ಸಂಜೆ ಹಾಸ್ಟೆಲ್ಲಲ್ಲಿ ಕೂರಿಸ್ಕೊಂಡು ಹೇಳ್ಕೊಡ್ತಾಳೆ. ನೀನೂ ಮೇಷ್ಟ್ರ ಹತ್ರ ಹೋಗಿ 'ಅರ್ಥ ಆಗ್ಲಿಲ್ಲ' ಅನ್ನು. ಅದ್ರಲ್ಲಿ ತಪ್ಪೇನಿಲ್ಲ."

"ಹತ್ತು ಮಗಾ ಜೀಪು," ಎಂದರು ಸತ್ತಾರರು. "ಟ್ರಂಕು ಅಲ್ಲೇ ಇರ್ಲಿ."

ಲಕ್ಕಪ್ಪ ಲೋಟ ಬಿಟ್ಟು ಓಡಿ ಬಂದ. ಟೀಚರ್ ಸೆರಗು ಸಿಕ್ಕಿಸಿದರು. ಜೈನಾಬಿಯಂತೂ ಗಂಡನ ಮೇಲಿನ ಸಿಟ್ಟನ್ನೆಲ್ಲ ಸೇರಿಸಿ ತಳ್ಳಿದಳು. ಜೀಪು ಕೆಮ್ಮಿ ಹೊರಟಿತು.

ಮರುಪರೀಕ್ಷೆಯಲ್ಲಿ ರುಬೀನಾ ಪಾಸಾದಳು. ಮುಂದಿನ ವರ್ಷ ಹೊಸದಾಗಿ ಸೇರಿ ಹಾಸ್ಟೆಲ್ಲಿನ ಮೂಲೆಯಲ್ಲಿ ಒಬ್ಬಳೇ ಕೂತಿದ್ದ ಹುಡುಗಿಯ ಪಕ್ಕದಲ್ಲಿ ತಾನೇ ಹೋಗಿ ಕೂತಳು. ಜೀಪು ಮಾತ್ರ ಈಗಲೂ ಹಾಗೇ ಇದೆ.

ನಿಮ್ಮ ಬೀದಿಯಿಂದಲೂ ಮೊದಲ ಬಾರಿಗೆ ವಿಜ್ಞಾನವನ್ನೋ ಎಂಜಿನಿಯರಿಂಗನ್ನೋ ಓದಲು ಹೋದ ಮಗು ಇರಬಹುದು. ಅದು ಯಾರ ಮನೆಯದೇ ಆಗಲಿ, ಎಡವಿ ಬಂದರೆ ಟ್ರಂಕು ತರಲು ಹೊರಡಬೇಡಿ. ಏನಾಯ್ತು ಅಂತ ಕೇಳಿ. ಅಲ್ಲಿ ಓದುತ್ತಿರುವ ಅಕ್ಕನನ್ನೋ ಅಣ್ಣನನ್ನೋ ಪರಿಚಯ ಮಾಡಿಸಿ, ಸ್ಕಾಲರ್‌ಶಿಪ್ಪು ವಿಚಾರಿಸಿ. ಎದ್ದು ಬನ್ನಿ, ನೀವೂ ಒಂದು ಕೈ ಹಾಕಿ.