ಹನ್ನೊಂದು ಸೆಕೆಂಡು

ಹೊಸ್ತಿಲ ಮೇಲೆ ಹೆಂಗಸೊಬ್ಬಳು ನಿಂತಿದ್ದಾಳೆ. ಎಡಗೈಯಲ್ಲಿ ರಟ್ಟಿನ ಪೆಟ್ಟಿಗೆ, ಬಲಗೈ ಬಾಗಿಲ ಹಿಡಿಯ ಮೇಲೆ. ಹೊರಗಿನ ಬೆಳಕು ಅವಳ ಒಂದು ಕೆನ್ನೆಯನ್ನು ಮಾತ್ರ ಮುಟ್ಟಿದೆ. ಹಿಂದಿನ ಗೋಡೆಯಲ್ಲಿ ಪಕ್ಷದ ನಾಯಕರ ಭಾವಚಿತ್ರ, ತುಸು ವಾಲಿ. ಮೇಜಿನ ಬಟ್ಟಲಿನಿಂದೆದ್ದ ಹಬೆ ನಲವತ್ತು ವರ್ಷಗಳಿಂದ ಗಾಳಿಯಲ್ಲಿ ಹಾಗೆಯೇ ನಿಂತಿದೆ.

"ಚಿತ್ರ ಇಲ್ಲಿಗೆ ಮುಗಿಯುತ್ತೆ, ಅಲ್ವಾ ನೇನಿ?" ಪರದೆಯ ಮುಂದೆ ಕುಳಿತ ಕಿಂಗಾ ಕೇಳಿದಳು. ಹಿರಿಯ ಹೆಂಗಸರೆಲ್ಲ ಅವಳಿಗೆ ನೇನಿಯೇ.

"ಲೋಕಕ್ಕೆಲ್ಲ ಗೊತ್ತಲ್ಲ," ಎಂದಳು ಅದರ ನಿರ್ದೇಶಕಿ ಪಿರೊಷ್ಕಾ ವಾದಾಷ್.

ಗೊತ್ತಿತ್ತು. ಆ ಹೆಂಗಸು ಹೋಗುತ್ತಾಳೋ, ಉಳಿಯುತ್ತಾಳೋ ಎಂದು ಪ್ಯಾರಿಸ್ಸಿನವರೂ ಬರೆದಿದ್ದರು. ಉತ್ತರವನ್ನು ಸೆನ್ಸಾರ್ ಸಮಿತಿ ಕತ್ತರಿಸಿತೆಂದು ಪ್ರತಿ ಸಂದರ್ಶನದಲ್ಲಿಯೂ ಯಾರಾದರೊಬ್ಬರು ಹೇಳುತ್ತಿದ್ದರು. ಪಿರೊಷ್ಕಾ ತಲೆ ತಗ್ಗಿಸುತ್ತಿದ್ದಳು. ಆಮೇಲಿನ ಒಂಬತ್ತು ಚಿತ್ರಗಳನ್ನು ಯಾರೂ ಅಷ್ಟಾಗಿ ನೆನೆಯಲಿಲ್ಲ. ಗಾಯಗೊಂಡ ಚಿತ್ರದ ನಿರ್ದೇಶಕಿ: ಒಂದು ಆಯುಷ್ಯಕ್ಕೆ ಅಷ್ಟು ಸಾಕಾಗಿತ್ತು.

ನಾಳೆ ಬುಡಾಪೆಸ್ಟಿನಲ್ಲಿ ದುರಸ್ತಿಗೊಂಡ ಪ್ರತಿಯ ಪ್ರದರ್ಶನ. ಚಿತ್ರಭಂಡಾರದ ಈ ಹುಡುಗಿ ಎರಡು ವರ್ಷ ಅದರ ಗೀರುಗಳನ್ನು ಒರೆಸಿದ್ದಳು.

"ಪೊಗಾಚಾ ತಿನ್ನಿ, ಅಮ್ಮ ಬೆಳಿಗ್ಗೆ ಸುಟ್ಟಿದ್ದು." ಪುಟ್ಟ ಉಪ್ಪುರೊಟ್ಟಿಗಳ ತಟ್ಟೆ ಸರಿಸಿದ ಕಿಂಗಾ ಒಂದು ಬಿಸ್ಕತ್ತಿನ ಡಬ್ಬಿಯನ್ನೂ ಮುಂದಿಟ್ಟಳು. "ಇದು ಬೋರಿಷ್ಕಾ ನೇನಿ ಮನೇಲಿ ಸಿಕ್ತು."

ಬೋರಿಷ್ಕಾ, ಚಿತ್ರದ ಸಂಕಲನಕಾರ್ತಿ, ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಡಬ್ಬಿಯೊಳಗೆ ಫಿಲ್ಮಿನ ಒಂದು ಸಣ್ಣ ಸುರುಳಿ, ಹನ್ನೊಂದು ಸೆಕೆಂಡಿನದು.

"ಸುಟ್ಟುಬಿಡು ಅಂದಿದ್ದೆ, ಮುದುಕಿಗೆ."

ಪಿರೊಷ್ಕಾಳ ಮಾತು ಜಾರಿತ್ತು. ಕಿಂಗಾ ಕೇಳಿಸದವಳಂತೆ ಒಂದು ಹಾಳೆ ತೆಗೆದಳು. "ಸಮಿತಿಯ ಟಿಪ್ಪಣಿ. ಅವರು ನೋಡಿದ ಪ್ರತೀಲಿ ಈ ತುಂಡೂ ಇತ್ತು. ಓದ್ಲಾ?"

"ನನಗಿನ್ನೂ ಕಣ್ಣಿದೆ ಕಣೇ."

'ಶಾಂತವಾದ ಚಿತ್ರ. ಭಾವಚಿತ್ರ ವಾಲಿದೆ, ಮುಂದೆ ಗಮನವಿರಲಿ. ಬೇರೆ ಆಕ್ಷೇಪವಿಲ್ಲ.'

ಆಗ ನಿರ್ದೇಶಕರೆಲ್ಲರೂ ಬೇಕೆಂದೇ ಸಮಿತಿಗೆ ಒಂದು ಎಲುಬು ಎಸೆಯುತ್ತಿದ್ದರು: ಒಂದು ಬೆತ್ತಲೆ ಬೆನ್ನು, ಒಬ್ಬ ಕುಡುಕ ಪೊಲೀಸ. ಮಹನೀಯರು ಅದನ್ನು ಕತ್ತರಿಸಿ ತೃಪ್ತರಾಗುತ್ತಿದ್ದರು, ಉಳಿದದ್ದು ಬದುಕುತ್ತಿತ್ತು. ಪಿರೊಷ್ಕಾ ಭಾವಚಿತ್ರವನ್ನು ವಾಲಿಸಿದ್ದಳು. ಅವರು ಕಚ್ಚಲಿಲ್ಲ. ಕಚ್ಚದ ಸಮಿತಿಯನ್ನು ಯಾರೂ ಕಂಡಿರಲಿಲ್ಲ. ಮತ್ತೇನನ್ನೋ ಕಂಡು ಸುಮ್ಮನಿದ್ದಾರೆ ಎನ್ನಿಸಿತು. ಮೂರು ದಿನ ಅನ್ನನೀರು ಸೇರಲಿಲ್ಲ. ನಾಲ್ಕನೆಯ ದಿನ ಕೊನೆಯ ತುಂಡಿಗೆ ಕತ್ತರಿಯನ್ನು ತಾನೇ ಎತ್ತಿಕೊಂಡಳು.

"ಬೆದರಿಸಿದ್ರಾ?" ಕಿಂಗಾ ಕೇಳಿದಳು.

"ಇಲ್ಲ. ಕೈ ಕುಲುಕಿದ್ರು. ನಕ್ರು." ಪಿರೊಷ್ಕಾ ಪೊಗಾಚಾದ ಒಂದು ತುಣುಕು ಮುರಿದಳು, ತಿನ್ನಲಿಲ್ಲ. "ಹಾಕು, ನೋಡೋಣ."

ಪರದೆಯ ಹೆಂಗಸು ಹೊಸ್ತಿಲು ದಾಟಿದಳು. ಬಾಗಿಲು ಮುಚ್ಚಿತು. ಆಮೇಲೆ ಬರಿಯ ಬಾಗಿಲು. ಮರದ ಗೆರೆಗಳು, ಒಂದು ತುಕ್ಕು ಮೊಳೆ. ಮುಗಿಯಿತು.

ಹೆದರುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ನಲವತ್ತು ವರ್ಷ ಶೋಕಿಸುವುದಕ್ಕೂ ಇರಲಿಲ್ಲ.

"ಚೆನ್ನಾಗಿದೆ ನೇನಿ," ಎಂದಳು ಕಿಂಗಾ, ರೋಗಿಯನ್ನು ನೋಡಲು ಬಂದವರ ದನಿಯಲ್ಲಿ.

"ಸುಳ್ಳು ಹೇಳೋಕೆ ಬರಲ್ಲ ನಿನಗೆ. ಕಲಿತುಕೋ, ಈ ಕೆಲಸದಲ್ಲಿ ಬೇಕಾಗುತ್ತೆ."

ಕಿಂಗಾ ನಕ್ಕಳು. ಮತ್ತೆ ಗಂಭೀರಳಾದಳು. "ನಾಳೆಯ ಪ್ರದರ್ಶನದ ಪರಿಚಯಪತ್ರ ಮಧ್ಯಾಹ್ನ ಅಚ್ಚಿಗೆ ಹೋಗ್ಬೇಕು. ಯಾರು ಕತ್ತರಿಸಿದ್ದು ಅನ್ನೋ ಸಾಲು ಖಾಲಿ ಬಿಟ್ಟಿದೀನಿ."

"ಸಮಿತಿ ಅಂತ ಹಳೇದನ್ನೇ ಬರೆದರೆ?"

"ಬರೀತೀನಿ. ಕೆಳಗೆ ನೀವು ಸಹಿ ಹಾಕ್ಬೇಕು."

ಇಷ್ಟು ವರ್ಷ ಯಾರೂ ಸಹಿ ಕೇಳಿರಲಿಲ್ಲ. ತಲೆ ತಗ್ಗಿಸಿದರೆ ಸಾಕಿತ್ತು.

ಪಿರೊಷ್ಕಾ ಪೆನ್ನು ತೆಗೆದುಕೊಂಡಳು. ಹಾಳೆಯ ಮೇಲೆ ಅದರ ನೆರಳು ಬಿತ್ತು. ತುಸು ಹೊತ್ತಿನ ಮೇಲೆ ಪೆನ್ನನ್ನು ತಟ್ಟೆಯ ಪಕ್ಕದಲ್ಲಿ ನೇರವಾಗಿ ಇಟ್ಟು ಎದ್ದಳು. ಕೋಟನ್ನು ಎಡತೋಳಿಗೆ ಹಾಕಿಕೊಂಡಳು.

"ನೇನಿ, ಏನು ಬರೀಲಿ?"

ಅವಳ ಬಲಗೈ ಬಾಗಿಲ ಹಿಡಿಯ ಮೇಲಿತ್ತು. ಮೊಗಸಾಲೆಯ ಬೆಳಕು ಒಂದು ಕೆನ್ನೆಗೆ ತಣ್ಣಗೆ ತಾಗಿತು. ಹಿಂದೆ ಹುಡುಗಿ ಉಸಿರು ಹಿಡಿದು ಕಾಯುತ್ತಿರುವುದು ತಿಳಿಯಿತು. ಹಾಗೆಯೇ ಎಲ್ಲರೂ ಕಾದಿದ್ದರು, ಕತ್ತಲ ಸಭಾಂಗಣಗಳಲ್ಲಿ, ಅಷ್ಟು ವರ್ಷ. ತಿರುಗಿದರೆ ಹೇಳಬೇಕಾಗುತ್ತಿತ್ತು.

ಅವಳು ಹೊಸ್ತಿಲು ದಾಟಿದಳು. ಬಾಗಿಲು, ಯಾರೂ ಮುಟ್ಟದೆಯೇ, ಅವಳ ಹಿಂದೆ ಮೆಲ್ಲಗೆ ಮುಚ್ಚಿಕೊಂಡಿತು.